ಎಂಟು ನಾಟಿ ಕೋಳಿಗೆ ಎಷ್ಟು ದೊಡ್ಡ ಕಾಂಪೋಸ್ಟ್ ಟಂಬ್ಲರ್ ಬೇಕು?

ನಿಮ್ಮದು ಮಂಗಳೂರಿನ ಹತ್ತಿರ ಮನೆ, ಹಿತ್ತಲಲ್ಲಿ ಎಂಟು ನಾಟಿ ಕೋಳಿ, ಗೂಡಿಗೆ ಭತ್ತದ ಹೊಟ್ಟಿನ ಹಾಸು. ಮಳೆಗಾಲದಲ್ಲಿ ಗೊಬ್ಬರದ ಗುಂಡಿಗೆ ನೀರು ತುಂಬಿ ವಾಸನೆ ಬರುತ್ತಿದೆ, 80 ಲೀಟರಿನ ಟಂಬ್ಲರ್, ಅಂದರೆ ಗೊಬ್ಬರ ಕಳಿಸುವ ಮುಚ್ಚಿದ ತಿರುಗುವ ಡ್ರಮ್, ತಗೊಳ್ಳಬಹುದಾ ಅಂತ ಕೇಳಿದ್ದೀರಿ.

ಟಂಬ್ಲರ್ ತಗೊಳ್ಳಿ, ಆದರೆ 80 ಲೀಟರಿನದು ಬೇಡ. ಅಷ್ಟು ಚಿಕ್ಕದು ಅಡುಗೆಮನೆಯ ಕಸಕ್ಕೆ ಸರಿ, ಕೋಳಿ ಗೂಡಿಗೆ ಸಾಲುವುದಿಲ್ಲ. ನಾವು ತೀರ್ಥಹಳ್ಳಿ ಕಡೆಯವರು, ಮಳೆಯ ಕಾಟ ಚೆನ್ನಾಗಿ ಗೊತ್ತು. ನಿಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುತ್ತದೆ. ಅಂಥ ಮಳೆಯಲ್ಲಿ ತೆರೆದ ಗುಂಡಿಯ ಸಾರವೆಲ್ಲ ತೊಳೆದುಹೋಗುತ್ತದೆ. ಮುಚ್ಚಿದ ಡ್ರಮ್ ಕೊಳ್ಳಲು ಇದೊಂದೇ ಕಾರಣ ಸಾಕು.

ಮೊದಲು ಲೆಕ್ಕ ಹಾಕಿ. ಒಂದು ಕೋಳಿ ದಿನಕ್ಕೆ ಸುಮಾರು 100 ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ. ಹಗಲು ಹಿತ್ತಲಲ್ಲಿ ಮೇಯುವ ಕೋಳಿಯಾದರೆ ಅರ್ಧ ಹೊರಗೆ ಹೋಯಿತು ಅಂದುಕೊಳ್ಳಿ. ಆದರೂ ಎಂಟು ಕೋಳಿಯಿಂದ ತಿಂಗಳಿಗೆ 12 ಕೆಜಿ ಗೂಡಿನಲ್ಲೇ ಬೀಳುತ್ತದೆ. ಅದಕ್ಕೆ ಹೊಟ್ಟು, ತರಗೆಲೆ ಸೇರಿದರೆ 40ರಿಂದ 50 ಲೀಟರ್ ಆಗುತ್ತದೆ. ಡ್ರಮ್ಮನ್ನು ಮುಕ್ಕಾಲಿಗಿಂತ ಜಾಸ್ತಿ ತುಂಬಿದರೆ ಒಳಗಿನದು ಉರುಳುವುದೇ ಇಲ್ಲ, ಸುಮ್ನೆ ಡ್ರಮ್ಮಿನ ಜೊತೆ ಸುತ್ತುತ್ತದೆ. ಹಾಗಾಗಿ 80 ಲೀಟರಿನದರಲ್ಲಿ 60 ಲೀಟರ್ ಮಾತ್ರ ಹಿಡಿಯುತ್ತದೆ, ಒಂದೂವರೆ ತಿಂಗಳೊಳಗೆ ಭರ್ತಿ.

ಭರ್ತಿಯಾದ ಮೇಲೆ ಏನು ಮಾಡುತ್ತೀರಿ? ಹೊಸ ಹಿಕ್ಕೆಯನ್ನು ಅದರ ಮೇಲೇ ಹಾಕುತ್ತಾ ಹೋದರೆ ಯಾವ ಕಾಲಕ್ಕೂ ಪೂರ್ತಿ ಕಳಿತ ಗೊಬ್ಬರ ಸಿಗುವುದಿಲ್ಲ. ಅದಕ್ಕೇ ಎರಡು ಕೋಣೆಯದು ನೋಡಿ, ಒಂದೊಂದು ಕೋಣೆ 120 ಲೀಟರಾದರೂ ಇರಲಿ. ಒಂದನ್ನು ತುಂಬುತ್ತಿರುವಾಗ ಇನ್ನೊಂದು ಮುಟ್ಟದೆ ಕಳಿಯುತ್ತಿರುತ್ತದೆ. ಅಷ್ಟು ದೊಡ್ಡದು ದುಬಾರಿ ಅನ್ನಿಸಿದರೆ ಗುಜರಿಯಲ್ಲಿ 200 ಲೀಟರಿನ ನೀಲಿ ಡ್ರಮ್ ಎರಡು ತಗೊಂಡು, ನಡುವೆ ಪೈಪ್ ಹಾಯಿಸಿ ವೆಲ್ಡಿಂಗ್ ಅಂಗಡಿಯಲ್ಲಿ ಸ್ಟ್ಯಾಂಡ್ ಮಾಡಿಸಿ. ರಾಸಾಯನಿಕ ತುಂಬಿದ್ದ ಡ್ರಮ್ ಮಾತ್ರ ಬೇಡವೇ ಬೇಡ. ಆಹಾರ ಪದಾರ್ಥ ತುಂಬಿದ್ದದ್ದೇ ಅಂತ ಖಾತ್ರಿ ಮಾಡಿಕೊಳ್ಳಿ.

ಕೊಳ್ಳುವಾಗ ನಾನು ಮೊದಲು ನೋಡುವುದು ನಡುವಿನ ಪೈಪು ಮತ್ತು ಬೋಲ್ಟು. ಮುಕ್ಕಾಲು ತುಂಬಿದ ದೊಡ್ಡ ಕೋಣೆ 50 ಕೆಜಿ ಮೀರಬಹುದು. ಒದ್ದೆ ಗೊಬ್ಬರವೆಲ್ಲ ಒಂದೇ ಕಡೆ ಕೂತಿರುವಾಗ ತಿರುಗಿಸಲು ರಟ್ಟೆಯಲ್ಲಿ ಬಲ ಬೇಕು, ತೆಳು ಪೈಪು ಬಾಗುತ್ತದೆ. ಮನೆಯಲ್ಲಿ ವಯಸ್ಸಾದವರೇ ತಿರುಗಿಸುವುದಾದರೆ ಗೇರ್ ಇರುವ ಹಿಡಿಯದ್ದು ಒಳ್ಳೆಯದು. ಮೈಯೆಲ್ಲ ತಗಡಿನದು ಬೇಡ. ಹಿಕ್ಕೆಯಿಂದ ಏಳುವ ಅಮೋನಿಯಾ ಅನಿಲ ಮತ್ತು ತೇವ ಸೇರಿದರೆ ತಗಡು ಬೇಗ ತುಕ್ಕು ಹಿಡಿಯುತ್ತದೆ, ಕರಾವಳಿಯ ಉಪ್ಪು ಗಾಳಿ ಬೇರೆ. ಬಿಸಿಲು ತಡೆಯುವ ದಪ್ಪ ಪ್ಲಾಸ್ಟಿಕ್ ವಾಸಿ. ಬಾಗಿಲು ಸಲಿಕೆ ಆಡುವಷ್ಟು ಅಗಲ ಇರಲಿ, ಗಾಳಿಯ ತೂತಿಗೆ ನೊಣ ಹೋಗದಂತೆ ಜಾಲರಿ ಇರಲಿ.

ಆದರೆ ಎಷ್ಟು ಒಳ್ಳೆಯ ಟಂಬ್ಲರ್ ತಂದರೂ ಒಳಗಿನ ಮಿಶ್ರಣ ಸರಿಯಿಲ್ಲದಿದ್ದರೆ ನಾತ ತಪ್ಪುವುದಿಲ್ಲ. ಕೋಳಿ ಹಿಕ್ಕೆಯಲ್ಲಿ ಇಂಗಾಲ ಸಾರಜನಕದ ಹತ್ತು ಪಟ್ಟಿನಷ್ಟು ಮಾತ್ರ. ಚೆನ್ನಾಗಿ ಕಳಿಯಲು 25ರಿಂದ 30 ಪಟ್ಟು ಬೇಕು. ಹೆಚ್ಚಾದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಕಣ್ಣು ಉರಿಸುವ ಘಾಟು ಅದೇ. ನಿಮ್ಮ ಗಿಡಕ್ಕೆ ಸೇರಬೇಕಾದ ಸತ್ವ ಗಾಳಿಗೆ ಹೋಗುತ್ತಿದೆ ಅಂತ ಅರ್ಥ. ಹೊಟ್ಟು ಇದೆಯಲ್ಲ ಅಂತ ನೀವು ಕೇಳಬಹುದು. ಹೊಟ್ಟಿನಲ್ಲಿ ಇಂಗಾಲ ಇದೆ ನಿಜ, ಆದರೆ ಸಿಲಿಕಾ ಜಾಸ್ತಿ ಇರುವುದರಿಂದ ತುಂಬ ನಿಧಾನ. ನಮ್ಮ ಡ್ರಮ್ಮಿನಲ್ಲಿ ಹಿಕ್ಕೆಯೆಲ್ಲ ಕರಗಿ ಕಪ್ಪು ಮಣ್ಣಿನಂತಾದ ಮೇಲೂ ಹೊಟ್ಟು ಒಂದೊಂದಾಗಿ ಹಳದಿಯಾಗೇ ಕಾಣುತ್ತದೆ. ಅದರಿಂದ ತೊಂದರೆಯೇನಿಲ್ಲ, ಮಣ್ಣಿಗೆ ಬಿದ್ದ ಮೇಲೆ ಕಳಿಯುತ್ತದೆ. ಕಳಿಯುವ ಕೆಲಸಕ್ಕೆ ಮಾತ್ರ ತರಗೆಲೆ ಬೇಕೇ ಬೇಕು. ಗೂಡಿನಿಂದ ಒಂದು ಬುಟ್ಟಿ ತೆಗೆದರೆ ಪುಡಿ ಮಾಡಿದ ತರಗೆಲೆ ಒಂದೂವರೆ, ಎರಡು ಬುಟ್ಟಿ ಹಾಕಿ. ಬೇಸಿಗೆಯಲ್ಲೇ ಚೀಲಗಟ್ಟಲೆ ತುಂಬಿಟ್ಟುಕೊಳ್ಳಿ. ಜೂನ್ ಬಂದ ಮೇಲೆ ಒಣ ಎಲೆ ಎಲ್ಲಿ ಸಿಗುತ್ತದೆ?

ಒಂದು ಹಿಡಿ ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ಸರಿ, ಧಾರೆ ಇಳಿದರೆ ಇನ್ನಷ್ಟು ಎಲೆ ಸೇರಿಸಿ. ವಾರಕ್ಕೆ ಎರಡು ಮೂರು ಸಲ ತಿರುಗಿಸಿದರೆ ಸಾಕು. ಒದ್ದೆ ಹೆಚ್ಚಾದಾಗ ತಿರುಗಿಸುತ್ತಲೇ ಇದ್ದರೆ ಉಂಡೆ ಕಟ್ಟುತ್ತದೆ, ಉಂಡೆಯ ನಡುವೆ ಗಾಳಿ ಆಡದೆ ಹಸಿಯಾಗೇ ಉಳಿಯುತ್ತದೆ. ಅದನ್ನು ಕೈಗವಸು ಹಾಕಿಕೊಂಡು ಒಡೆಯಬೇಕು. ಸುಣ್ಣ ಹಾಕಬೇಡಿ, ಅಮೋನಿಯಾ ಇನ್ನೂ ಹೆಚ್ಚುತ್ತದೆ.

ಇನ್ನೊಂದು ವಿಷಯ ಮಾರುವವರು ಹೇಳುವುದಿಲ್ಲ. ಕೋಳಿ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣು ಇರಬಹುದು. ಅವು ಸಾಯಲು ಒಳಗಿನದೆಲ್ಲ 55 ಡಿಗ್ರಿಯಲ್ಲಿ ಮೂರು ದಿನವಾದರೂ ಇರಬೇಕು. ಮನೆ ಬಳಕೆಯ ಟಂಬ್ಲರಿನಲ್ಲಿ ಆ ಕಾವು ನಿಲ್ಲುವುದು ಕಷ್ಟ, ಅದಕ್ಕೆ ಮೂರಡಿ ಉದ್ದ, ಅಗಲ, ಎತ್ತರದ ರಾಶಿ ಬೇಕು. ಆದ್ದರಿಂದ ಹಸಿ ಗೊಬ್ಬರಕ್ಕೆ ಅಮೆರಿಕದ ಸಾವಯವ ನಿಯಮದಲ್ಲಿರುವ ಅಂತರವನ್ನೇ ನಾನು ಇದಕ್ಕೂ ಪಾಲಿಸುತ್ತೇನೆ: ಮಣ್ಣಿಗೆ ತಾಗುವ ಕೊತ್ತಂಬರಿ, ಮೂಲಂಗಿಯಂಥದ್ದಕ್ಕೆ ಗೊಬ್ಬರ ಹಾಕಿದ ಮೇಲೆ ಕೊಯ್ಲಿಗೆ 120 ದಿನ, ಉಳಿದದ್ದಕ್ಕೆ 90 ದಿನ. ತೆಂಗು, ಬಾಳೆಗೆ ಕೊಟ್ಟರೆ ಈ ಚಿಂತೆ ಕಮ್ಮಿ.

ಡ್ರಮ್ಮನ್ನು ಮಾಡಿನ ಕೆಳಗಿಡಿ, ಬಾವಿಯಿಂದ ದೂರ ಇರಲಿ. ಕೆಳಗೆ ತೊಟ್ಟಿಕ್ಕುವ ಕಂದು ನೀರಿಗೆ ಒಂದು ಬೇಸಿನ್ ಇಟ್ಟು, ಅದನ್ನು ಮತ್ತೆ ಒಣ ಎಲೆಯ ಮೇಲೆ ಸುರಿದು ಡ್ರಮ್ಮಿಗೇ ಹಾಕಿ. ತರಕಾರಿ ಗಿಡದ ಬುಡಕ್ಕೆ ಮಾತ್ರ ಹಾಕಬೇಡಿ.

ಕೋಳಿಗಳನ್ನು ಹಗಲೂ ಗೂಡಿನಲ್ಲೇ ಕೂಡಿಡುತ್ತೀರಾ? ಹಾಗಿದ್ದರೆ ಮೇಲಿನ ಲೆಕ್ಕ ಎರಡರಷ್ಟಾಗುತ್ತದೆ. ಆಗ ಟಂಬ್ಲರಿನ ಆಸೆ ಬಿಟ್ಟು, ಮಾಡಿನ ಕೆಳಗೆ ಮೂರಡಿಯ ಎರಡು ಇಟ್ಟಿಗೆ ತೊಟ್ಟಿ ಕಟ್ಟಿಸಿ.