ರಾಟೆಯ ಲೆಕ್ಕ: ಹಗ್ಗದ ಎಳೆತ 30 ನ್ಯೂಟನ್ ಯಾಕಲ್ಲ?

ಪ್ರಶ್ನೆ: ರಾಟೆಯ ಮೇಲೆ ಹಾಯ್ದ ಹಗ್ಗದ ಒಂದು ತುದಿಗೆ 3 ಕೆ.ಜಿ., ಇನ್ನೊಂದಕ್ಕೆ 2 ಕೆ.ಜಿ. ಕಟ್ಟಿ ಬಿಟ್ಟಿದ್ದಾರೆ. ಹಗ್ಗದ ಎಳೆತ 30 ನ್ಯೂಟನ್ ಎಂದು ಬರೆದೆ, ತಪ್ಪಂತೆ. 3 ಕೆ.ಜಿ.ಯ ತೂಕ ಅಷ್ಟೇ ಅಲ್ವಾ?

ಉತ್ತರ: ಗುರುತ್ವ ವೇಗೋತ್ಕರ್ಷ 10 ಎಂದು ಹಿಡಿದರೆ ತೂಕವೇನೋ 30 ನ್ಯೂಟನ್ನೇ. ಆದರೆ ಹಗ್ಗವೂ ಅಷ್ಟೇ ಬಲದಿಂದ ಮೇಲಕ್ಕೆ ಎಳೆದರೆ, ನಿಂತಿದ್ದ ಆ ಬಟ್ಟು ಕೆಳಗಿಳಿಯೋಕೆ ಶುರು ಮಾಡುವುದಾದರೂ ಹೇಗೆ? ಬಹಳ ಜನ ಎಡವುವುದು ಇಲ್ಲೇ.

ಎರಡೂ ಬಟ್ಟುಗಳನ್ನು ಬೇರೆ ಬೇರೆ ಚಿತ್ರ ಬರೆದು ನೋಡಿ. ಸುಮ್ನೆ ಸೂತ್ರ ಬಾಯಿಪಾಠ ಮಾಡಬೇಡಿ. ಪ್ರತಿ ಬಟ್ಟಿಗೂ ನಿಯಮ ಒಂದೇ: ಕಳೆದು ಉಳಿದ ಬಲ ಸಮ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ಭಾರದ್ದು ಇಳಿಯುತ್ತದೆ: 30ರಿಂದ ಎಳೆತ ಕಳೆದರೆ ಸಿಗುವುದು 3 ಗುಣಿಸು ವೇಗೋತ್ಕರ್ಷ. ಹಗುರದ್ದು ಏರುತ್ತದೆ: ಎಳೆತದಿಂದ ಅದರ ತೂಕ 20 ಕಳೆದರೆ ಸಿಗುವುದು 2 ಗುಣಿಸು ಅದೇ ವೇಗೋತ್ಕರ್ಷ. ಹಗ್ಗ ಹಿಗ್ಗುವುದಿಲ್ಲ ಎಂದುಕೊಂಡಿದ್ದೇವಲ್ಲ, ಅದಕ್ಕೇ ಎರಡಕ್ಕೂ ಒಂದೇ ವೇಗೋತ್ಕರ್ಷ. ಎರಡನ್ನೂ ಕೂಡಿದರೆ ಎಳೆತ ಹೊಡೆದುಹೋಗಿ, 10 ಸಮ 5 ಗುಣಿಸು ವೇಗೋತ್ಕರ್ಷ ಎಂದು ಉಳಿಯುತ್ತದೆ. ಅಂದರೆ ವೇಗೋತ್ಕರ್ಷ 2, ಎಳೆತ 24 ನ್ಯೂಟನ್.

ಉತ್ತರ ಯಾವಾಗಲೂ 20 ಮತ್ತು 30ರ ನಡುವೆ ಇರಲೇಬೇಕು, ಇಲ್ಲದಿದ್ದರೆ ಎಲ್ಲೋ ಚಿಹ್ನೆ ತಪ್ಪಿದೆ. ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದಿದೆ: ರಾಟೆ ತೂಗುಹಾಕಿದ ಕೊಕ್ಕೆಯ ಮೇಲೆ ಬೀಳುವ ಬಲ 50 ಅಲ್ಲ, 24ರ ಎರಡರಷ್ಟು, 48!

ಇದೆಲ್ಲ ರಾಟೆ ಹಗುರವಾಗಿದ್ದು ಘರ್ಷಣೆ ಇಲ್ಲದಿದ್ದಾಗ ಮಾತ್ರ. ರಾಟೆಗೇ ಭಾರವಿದ್ದರೆ ಎರಡೂ ಬದಿಯ ಎಳೆತ ಬೇರೆಯಾಗುತ್ತದೆ.