ದೊಡ್ಡ ಫೋಟೊ ಪ್ರಿಂಟ್‌ಗೆ ಮನೆಯಲ್ಲೇ ಕಡಿಮೆ ಖರ್ಚಿನಲ್ಲಿ ಫ್ರೇಮ್ ಹಾಕುವುದು ಹೇಗೆ?

ಜಾಸ್ತಿ ದುಡ್ಡು ಹೋಗುವುದು ಅಳತೆ ಕೊಟ್ಟು ಮಾಡಿಸುವ ಫ್ರೇಮಿಗೆ. ಅದಕ್ಕೇ ಮೊದಲು ರೆಡಿಮೇಡ್ ಫ್ರೇಮ್ ಕೊಳ್ಳಿ, ಆಮೇಲೆ ಅದಕ್ಕೆ ತಕ್ಕ ಹಾಗೆ ಪ್ರಿಂಟ್ ಹಾಕಿಸಿ. 24×36 ಇಂಚಿನ ಫ್ರೇಮಿನಲ್ಲಿ 20×30 ಪ್ರಿಂಟ್ ಇಟ್ಟರೆ ಎರಡು ಬದಿ 2 ಇಂಚು, ಇನ್ನೆರಡು ಬದಿ 3 ಇಂಚು ಮೌಂಟ್ ಬೋರ್ಡ್ (ಫೋಟೊ ಕಾಣುವಂತೆ ನಡುವೆ ಕಿಟಕಿ ಕತ್ತರಿಸಿದ ದಪ್ಪ ರಟ್ಟು) ಕಾಣುತ್ತದೆ. ನೋಡಲೂ ಚೆಂದ.

ಈ ಮೌಂಟ್ ಬೋರ್ಡನ್ನು ಮಾತ್ರ ದಯವಿಟ್ಟು ಬಿಡಬೇಡಿ. ಪ್ರಿಂಟ್ ಗಾಜಿಗೆ ತಾಗದಂತೆ ತಡೆಯುವುದೇ ಅದು. ಮಳೆಗಾಲದ ತೇವಕ್ಕೆ ಫೋಟೊ ಗಾಜಿಗೆ ಅಂಟಿಕೊಂಡರೆ ಬಿಡಿಸುವಾಗ ಬಣ್ಣವೇ ಕಿತ್ತು ಬರುತ್ತದೆ.

ಪ್ರಿಂಟನ್ನು ಮೇಲಿನ ಅಂಚಿನಲ್ಲಿ ಎರಡೇ ಕಡೆ, ಆಸಿಡ್ ಇಲ್ಲದ ಪೇಪರ್ ಟೇಪಿನಿಂದ ಹಿಂದಿನ ಬೋರ್ಡಿಗೆ ಅಂಟಿಸಿ. ಕೆಳಗೆ ಸುಮ್ನೆ ಇಳಿಬಿದ್ದಿರಲಿ. ತೇವಕ್ಕೆ ಕಾಗದ ಹಿಗ್ಗುತ್ತದೆ ಅಲ್ವಾ, ನಾಲ್ಕೂ ಬದಿ ಬಿಗಿದರೆ ಅಲೆಅಲೆಯಾಗಿ ಉಬ್ಬುತ್ತದೆ. ಸೆಲ್ಲೋಟೇಪ್ ಬೇಡ, ಹಳದಿ ಕಲೆ ಬಿಡುತ್ತದೆ.

ಈ ಅಳತೆಗೆ 3 ಮಿ.ಮೀ. ಗಾಜೇ ಸುಮಾರು 4 ಕೆ.ಜಿ. ತೂಗುತ್ತದೆ. ಅಷ್ಟೇ ದಪ್ಪದ ಅಕ್ರಿಲಿಕ್ ಶೀಟ್ ಅದರ ಅರ್ಧದಷ್ಟು, ಬಿದ್ದರೂ ಚೂರಾಗಿ ಚೆಲ್ಲುವುದಿಲ್ಲ. ಗೀರು ಬೇಗ ಬೀಳುತ್ತದೆ, ಒದ್ದೆ ಮಾಡಿದ ಮೆತ್ತನೆ ಬಟ್ಟೆಯಿಂದಷ್ಟೇ ಒರೆಸಿ.