ಸಂಗೀತ ಪ್ರಶ್ನೋತ್ತರ: ನುಡಿಸಲು ಒಂದೇ ಕ್ರಮವೇ?

ಪ್ರಶ್ನೆ: ನನ್ನ ಮಗಳು ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದಾಳೆ. ಅಭ್ಯಾಸದ ನಡುವೆ ಕಮಾನಿನ ಕಡ್ಡಿಯಿಂದ ತಂತಿಗಳನ್ನು ಬಡಿಯುತ್ತಾಳೆ, ಬೆರಳಿನಿಂದ ಮೀಟುತ್ತಾಳೆ. ಇದನ್ನು ತಡೆಯಬೇಕೆ?
– ಓದುಗರೊಬ್ಬರು, ಮಣಿಪಾಲ

ಉತ್ತರ: ತಡೆಯುವ ಅಗತ್ಯವಿಲ್ಲ, ಪಾಠ ಮುಗಿದ ಮೇಲೆ ಅದಕ್ಕೂ ಸ್ವಲ್ಪ ಸಮಯ ಕೊಡಿ. ಇವೆರಡೂ ಪಾಶ್ಚಾತ್ಯ ಸಂಗೀತದಲ್ಲಿ ಸ್ವರಲಿಪಿಯಲ್ಲೇ ಸೂಚಿಸಿ ನುಡಿಸುವ ವಿಧಾನಗಳು: ಬಡಿಯುವುದು ‘ಕೋಲ್ ಲೆನ್ಯೋ’, ಮೀಟುವುದು ‘ಪಿಟ್ಸಿಕಾಟೋ’. ಬಡಿತದಿಂದ ಕಡ್ಡಿಯ ಮೆರುಗು ಕೆಡುವುದರಿಂದ ಆ ಕೆಲಸಕ್ಕೆ ಕಡಿಮೆ ಬೆಲೆಯ ಕಮಾನು ಸಾಕು.

ಅಷ್ಟಕ್ಕೂ ತಮ್ಮ ಮಗಳು ಗುರುಗಳಿಂದ ಕಲಿಯುತ್ತಿರುವ ಕ್ರಮವೇ ಯುರೋಪಿನವರ ಪಾಲಿಗೆ ಅಪರೂಪದ್ದು. ಅಲ್ಲಿ ಗದ್ದ ಮತ್ತು ಭುಜದ ನಡುವೆ ಹಿಡಿಯುವ ಈ ವಾದ್ಯವನ್ನು ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಕಲಿತು ನಮ್ಮ ಸಂಗೀತಕ್ಕೆ ತಂದರು. ಇಂದು ನಮ್ಮ ವಾದಕರು ಚಕ್ಕಳಮಕ್ಕಳ ಹಾಕಿ ಕುಳಿತು, ಪಿಟೀಲಿನ ತುದಿಯ ಸುರುಳಿಯನ್ನು ಬಲಪಾದದ ಮೇಲೆ ಊರಿ, ಇನ್ನೊಂದು ತುದಿಯನ್ನು ಎದೆಗೆ ಆನಿಸಿಕೊಳ್ಳುತ್ತಾರೆ. ವಾದ್ಯದ ಭಾರ ಹೊರುವ ಕೆಲಸ ತಪ್ಪಿದ ಎಡಗೈ ತಂತಿಯ ಮೇಲೆ ಸರಾಗವಾಗಿ ಜಾರಬಲ್ಲದು. ತೋಡಿ ರಾಗದ ಗಾಂಧಾರ ಸ್ವರವನ್ನು ಅಲುಗಿಸಿ ನುಡಿಸುವ ಕಂಪಿತಕ್ಕೆ ಬೇಕಾದುದು ಇದೇ ಸ್ವಾತಂತ್ರ್ಯ.

ದಕ್ಷಿಣ ಕನ್ನಡ ಜಿಲ್ಲೆಯವರೇ ಆದ ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥರ ಉದಾಹರಣೆ ಇನ್ನೂ ಹಿರಿದು. ಸ್ಯಾಕ್ಸೊಫೋನಿನ ಕೀಲಿಗಳು ರಂಧ್ರವನ್ನು ಒಂದೋ ಮುಚ್ಚುತ್ತವೆ, ಇಲ್ಲವೇ ತೆರೆಯುತ್ತವೆ. ನಾಗಸ್ವರದಲ್ಲಿರುವಂತೆ ಬೆರಳಿನಿಂದ ಅರೆಮುಚ್ಚುವ ಸೌಕರ್ಯ ಅಲ್ಲಿಲ್ಲ. ನಾಗಸ್ವರದ ಮನೆತನದಿಂದ ಬಂದ ಅವರು ತುಟಿಯ ಬಿಗಿತ ಮತ್ತು ಉಸಿರಿನ ಒತ್ತಡಗಳ ಹಿಡಿತದಿಂದ, ಎರಡು ಸ್ವರಗಳ ನಡುವಿನ ಎಡೆಯಲ್ಲಿ ಗಮಕವನ್ನು, ಎಂದರೆ ಸ್ವರದ ಓಲಾಟವನ್ನು, ಮೂಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವ ಅವರಿಗೆ ವೇದಿಕೆ ನೀಡಿತು. ವಾದ್ಯದ ಹೊಸ ಬಳಕೆ ಹೀಗೆ ರಾಗದ ಅಗತ್ಯದಿಂದ ಹುಟ್ಟಿದಾಗ ಅದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಒಬ್ಬನೇ ಗಾಯಕ ಏಕಕಾಲಕ್ಕೆ ಎರಡು ಸ್ವರ ಹಾಡಲು ಸಾಧ್ಯವೇ?
– ಸಂಗೀತ ವಿದ್ಯಾರ್ಥಿ, ಮಂಗಳೂರು

ಉತ್ತರ: ಸಾಧ್ಯ. ರಷ್ಯಾದ ತುವಾ ಪ್ರಾಂತ್ಯದ ಗಾಯಕರು ಕೆಳಗಿನ ಒಂದು ಸ್ವರವನ್ನು ಶ್ರುತಿಯಂತೆ ಎಳೆದು ಹಿಡಿದು, ನಾಲಗೆ ಮತ್ತು ತುಟಿಗಳಿಂದ ಬಾಯಿಯ ಒಳಗಿನ ಆಕಾರವನ್ನು ಬದಲಿಸುತ್ತ, ಆ ಧ್ವನಿಯಲ್ಲೇ ಅಡಗಿರುವ ಉಪಸ್ವರಗಳಲ್ಲಿ ಒಂದನ್ನು ಸಿಳ್ಳೆಯಂತೆ ಎತ್ತಿ ಕೇಳಿಸುತ್ತಾರೆ. ಬಾಯಿಗೆ ಹಿಡಿದು ಬೆರಳಿನಿಂದ ಮೀಟುವ ನಮ್ಮ ಮೋರ್ಸಿಂಗ್ ವಾದ್ಯದ ವಾದಕರು ಬಾಯಿಯಿಂದ ನಾದ ಬದಲಿಸುವುದೂ ಇದೇ ತತ್ತ್ವದಿಂದ. ಮಂದ್ರದಲ್ಲಿ ‘ಊ’ ಹಿಡಿದು, ಸ್ವರ ಬದಲಿಸದೆ ಬಹಳ ನಿಧಾನವಾಗಿ ‘ಈ’ಗೆ ಸರಿದರೆ ಮೇಲೊಂದು ಕ್ಷೀಣ ನಾದ ಏರುವುದನ್ನು ತಾವೇ ಕೇಳಬಹುದು. ಗಂಟಲನ್ನು ಬಿಗಿಹಿಡಿಯುವ ಪ್ರಕಾರಗಳನ್ನು ಮಾತ್ರ ಬಲ್ಲವರ ಎದುರಿನಲ್ಲೇ ಅಭ್ಯಾಸ ಮಾಡಿ. ನೋವು ಕಂಡರೆ ತಕ್ಷಣ ನಿಲ್ಲಿಸಿ.